ಅನಿಮೇಷನ್ ಚಿತ್ರಕ್ಕೆ ಪ್ರೀವಿಸ್: ಮೊದಲ ದೃಶ್ಯವನ್ನು ಕಟ್ಟುವ ಕ್ರಮ

ನಟರನ್ನು ನಿಲ್ಲಿಸಿ ಚಿತ್ರೀಕರಿಸುವ ಸಿನಿಮಾದಲ್ಲಿ ಒಂದೇ ಪ್ರಸಂಗವನ್ನು ನಾಲ್ಕಾರು ಕೋನಗಳಿಂದ ಹಲವು ಸಲ ತೆಗೆದಿಟ್ಟುಕೊಂಡು, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಂಕಲನದ ಹೊತ್ತಿಗೆ ತೀರ್ಮಾನಿಸಲು ಅವಕಾಶವಿರುತ್ತದೆ. ಅನಿಮೇಷನ್ನಿನಲ್ಲಿ ಈ ಅವಕಾಶ ಇಲ್ಲವೆಂದೇ ಹೇಳಬೇಕು. ಇಲ್ಲಿ ಪರದೆಯ ಮೇಲೆ ಕಾಣುವ ಪ್ರತಿಯೊಂದು ಫ್ರೇಮಿನ ಹಿಂದೆಯೂ ಯಾರದೋ ಕೈಕೆಲಸವಿರುತ್ತದೆ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ, ಕೊನೆಗೆ ಕತ್ತರಿಸಿ ಎಸೆದ ಮೂರು ಸೆಕೆಂಡುಗಳೆಂದರೆ 72 ಫ್ರೇಮುಗಳ ಚಲನೆ, ಬೆಳಕು, ರೆಂಡರಿಂಗ್ (ಕಂಪ್ಯೂಟರಿನಿಂದ ಅಂತಿಮ ಚಿತ್ರವನ್ನು ಮೂಡಿಸುವ ಕೆಲಸ) ಎಲ್ಲವೂ ನಷ್ಟವಾದಂತೆ. ಆದ್ದರಿಂದ ಅನಿಮೇಷನ್ ಚಿತ್ರದಲ್ಲಿ ಸಂಕಲನ ಮೊದಲು ನಡೆಯುತ್ತದೆ, ಚಿತ್ರ ತಯಾರಾಗುವುದು ಆಮೇಲೆ. ಹಾಗೆ ಮೊದಲೇ ಸಂಕಲನ ಮಾಡುವುದಕ್ಕೆ ಬೇಕಾದ ಒರಟು ಸಾಮಗ್ರಿಯನ್ನು, ಕಡಿಮೆ ಶ್ರಮದಲ್ಲಿ ಮಾಡಿ ಬೇಡವೆನಿಸಿದಾಗ ಬಿಸಾಡಬಹುದಾದ ರೀತಿಯಲ್ಲಿ, ಸಿದ್ಧಪಡಿಸುವ ಕೆಲಸಕ್ಕೆ ಪೂರ್ವದೃಶ್ಯೀಕರಣ ಎಂದು ಹೆಸರು. ಸ್ಟುಡಿಯೋಗಳ ಆಡುಮಾತಿನಲ್ಲಿ ಅದು ಪ್ರೀವಿಸ್.

ಕಲಿಯಲು ಹೊರಟವರಲ್ಲಿ ಹಲವರು ಇದನ್ನು ಒಂದು ತಂತ್ರಾಂಶವನ್ನು ಕಲಿಯುವ ಕೆಲಸವೆಂದು ಭಾವಿಸಿ, ಮೊದಲ ದಿನವೇ ಮೂರು ಆಯಾಮದ ಪಾತ್ರವೊಂದನ್ನು ತೆರೆದು ಕೂರುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇದು ಕೊನೆಯ ಮೆಟ್ಟಿಲಿನಿಂದ ಹತ್ತಲು ಹೊರಟ ಹಾಗೆ. ಪ್ರೀವಿಸ್ ಕಲಿಯುವುದೆಂದರೆ ಕಾಲವನ್ನು ಅಳೆಯಲು ಕಲಿಯುವುದು. ಆಮೇಲೆ ಜಾಗವನ್ನು, ಅದರ ನಂತರ ಕ್ಯಾಮೆರಾವನ್ನು. ತಂತ್ರಾಂಶ ಈ ಮೂರಕ್ಕೂ ಕೈಗೆ ಸಿಕ್ಕ ಸಲಕರಣೆ ಮಾತ್ರ.

ಈ ಕ್ಷೇತ್ರದ ಹಿಂದಿನ ಎರಡು ಸಂಗತಿಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಕಥೆಯನ್ನು ಬಿಡಿ ಹಾಳೆಗಳ ಮೇಲೆ ಬರೆದು, ಹಲಗೆಗೆ ಸಾಲಾಗಿ ಚುಚ್ಚಿ ನೋಡುವ ಸ್ಟೋರಿಬೋರ್ಡ್ ಪದ್ಧತಿ 1930ರ ದಶಕದ ಆರಂಭದಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ನೆಲೆಯೂರಿತು. ಅದರ ಶ್ರೇಯವನ್ನು ಸಾಮಾನ್ಯವಾಗಿ ಅಲ್ಲಿನ ಕಲಾವಿದ ವೆಬ್ ಸ್ಮಿತ್ ಅವರಿಗೆ ಕೊಡಲಾಗುತ್ತದೆ. ಆ ಹಲಗೆಯ ನಿಜವಾದ ಉಪಯೋಗವಿದ್ದದ್ದು ಚಿತ್ರಗಳ ಅಂದದಲ್ಲಿ ಅಲ್ಲ, ಒಂದು ಹಾಳೆಯನ್ನು ಕಿತ್ತು ಇನ್ನೊಂದೆಡೆ ಚುಚ್ಚಬಹುದೆಂಬ ಸೌಲಭ್ಯದಲ್ಲಿ. ಇನ್ನೊಂದು ಸಂಗತಿ 1977ರ ಸ್ಟಾರ್ ವಾರ್ಸ್ ಚಿತ್ರದ್ದು. ಬಾಹ್ಯಾಕಾಶದ ಕಾಳಗದ ಶಾಟ್‌ಗಳು ಇನ್ನೂ ತಯಾರಾಗದೆ ಇದ್ದಾಗ, ಆ ಜಾಗದಲ್ಲಿ ಎರಡನೆಯ ಮಹಾಯುದ್ಧದ ವಿಮಾನ ಕಾಳಗದ ಹಳೆಯ ತುಣುಕುಗಳನ್ನು ಜೋಡಿಸಿ ಸಂಕಲನ ಮಾಡಲಾಗಿತ್ತು. ಆ ತುಣುಕುಗಳಲ್ಲಿದ್ದ ವಿಮಾನಗಳಿಗೂ ಚಿತ್ರದ ನೌಕೆಗಳಿಗೂ ರೂಪದಲ್ಲಿ ಹೋಲಿಕೆಯಿರಲಿಲ್ಲ, ಆದರೂ ಯಾವುದು ಎಷ್ಟು ಹೊತ್ತು ಕಾಣಬೇಕು, ಯಾವ ಕಡೆಯಿಂದ ಯಾವ ಕಡೆಗೆ ಹಾಯಬೇಕು ಎಂಬುದನ್ನು ತಿಳಿಯಲು ಅವು ಸಾಕಾಗಿದ್ದವು. ನೀವು ಮಾಡಲಿರುವ ಪ್ರೀವಿಸ್‌ಗೂ ಅಷ್ಟೇ ಸಾಕು.

ಒಂದು ದೃಶ್ಯವನ್ನು ಆರಿಸಿಕೊಳ್ಳುವುದು

ಕಲಿಕೆಗೆ ಇಡೀ ಚಿತ್ರ ಬೇಡ. ಒಂದೇ ಸ್ಥಳದಲ್ಲಿ ನಡೆಯುವ, ಇಬ್ಬರಿಗಿಂತ ಹೆಚ್ಚು ಪಾತ್ರಗಳಿಲ್ಲದ, ಮುಕ್ಕಾಲು ನಿಮಿಷದ ದೃಶ್ಯವೊಂದು ಬೇಕು. ಅದರಲ್ಲಿ ಆರಂಭಕ್ಕೂ ಕೊನೆಗೂ ನಡುವೆ ಏನಾದರೊಂದು ಬದಲಾಗಿರಬೇಕು. ಈ ಬರಹದುದ್ದಕ್ಕೂ ನಾನು ಒಂದು ಉದಾಹರಣೆಯನ್ನೇ ಇಟ್ಟುಕೊಳ್ಳುತ್ತೇನೆ. ಒಬ್ಬ ಹುಡುಗಿ ಗೋಡೆಗೆ ಏಣಿ ಆನಿಸಿ, ಸೂರಿಗೆ ಸಿಕ್ಕಿಕೊಂಡಿರುವ ಗಾಳಿಪಟವನ್ನು ಬಿಡಿಸಲು ಹತ್ತುತ್ತಿದ್ದಾಳೆ. ಕೆಳಗೆ ಅವಳ ಪುಟ್ಟ ತಮ್ಮ ಏಣಿಯನ್ನು ಹಿಡಿದುಕೊಂಡಿದ್ದಾನೆ. ಎಲ್ಲೋ ನಾಯಿ ಬೊಗಳುತ್ತದೆ. ತಮ್ಮ ಬೆದರಿ ಏಣಿಯನ್ನು ಬಿಟ್ಟು ಓಡುತ್ತಾನೆ. ಏಣಿ ಅಲುಗುತ್ತದೆ. ಹುಡುಗಿ ಸೂರಿಗೆ ಜೋತು ಬೀಳುತ್ತಾಳೆ. ಓಡಿಹೋದ ತಮ್ಮ ಹಿಂದಿರುಗಿ ನೋಡಿ, ವಾಪಸ್ ಬಂದು, ಏಣಿಯನ್ನು ಮತ್ತೆ ಹಿಡಿಯುತ್ತಾನೆ.

ಚಿತ್ರ ಬರೆಯುವ ಮೊದಲು ಈ ದೃಶ್ಯ ಯಾರದ್ದು ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆದಿಟ್ಟುಕೊಳ್ಳಿ. ಇದು ಹುಡುಗಿಯ ದೃಶ್ಯವಾದರೆ ಪ್ರೇಕ್ಷಕರಿಗೆ ಎತ್ತರದ ಭಯ ಮುಖ್ಯವಾಗಬೇಕು. ತಮ್ಮನ ದೃಶ್ಯವಾದರೆ ನಾಯಿಯ ಭಯಕ್ಕೂ ಅಕ್ಕನ ಮೇಲಿನ ಪ್ರೀತಿಗೂ ನಡುವಿನ ತೊಳಲಾಟ ಮುಖ್ಯವಾಗಬೇಕು. ಘಟನೆಗಳು ಒಂದೇ ಆಗಿದ್ದರೂ ಎರಡರ ಶಾಟ್‌ಗಳು ಬೇರೆ ಬೇರೆ, ಶಾಟ್‌ಗಳ ಉದ್ದವೂ ಬೇರೆ. ಈ ಬರಹದಲ್ಲಿ ಇದನ್ನು ತಮ್ಮನ ದೃಶ್ಯವೆಂದೇ ಇಟ್ಟುಕೊಳ್ಳೋಣ. ಮುಂದೆ ಪ್ರತಿಯೊಂದು ತೀರ್ಮಾನಕ್ಕೂ ಈ ವಾಕ್ಯವೇ ಒರೆಗಲ್ಲು: ಈ ಶಾಟ್ ತಮ್ಮನ ತೊಳಲಾಟವನ್ನು ಹೇಳುತ್ತದೆಯೇ, ಇಲ್ಲವೇ?

ಆಮೇಲೆ ದೃಶ್ಯವನ್ನು ಘಟ್ಟಗಳಾಗಿ ಒಡೆಯಬೇಕು. ಒಂದು ಘಟ್ಟವೆಂದರೆ ಪಾತ್ರದ ಮನಸ್ಸಿನಲ್ಲಿ ಅಥವಾ ಪ್ರೇಕ್ಷಕರ ತಿಳಿವಳಿಕೆಯಲ್ಲಿ ಆಗುವ ಒಂದು ಬದಲಾವಣೆ. ತಮ್ಮನಿಗೆ ಬೇಸರ ಬಂದಿರುವುದು ಒಂದು ಘಟ್ಟ, ಬೊಗಳುವ ಸದ್ದು ಕಿವಿಗೆ ಬೀಳುವುದು ಇನ್ನೊಂದು, ಕೈ ಸಡಿಲವಾಗುವುದು ಮತ್ತೊಂದು. ಶಾಟ್‌ಗಳ ಸಂಖ್ಯೆಯನ್ನು ಈಗಲೇ ಯೋಚಿಸಬೇಡಿ; ಎರಡು ಮೂರು ಘಟ್ಟಗಳು ಒಂದೇ ಶಾಟ್‌ನಲ್ಲಿ ಅಡಕವಾಗಬಹುದು, ಒಂದು ಘಟ್ಟಕ್ಕೆ ಮೂರು ಶಾಟ್‌ಗಳೂ ಬೇಕಾಗಬಹುದು.

ಪುಟ್ಟ ಚಿತ್ರಗಳು

ಥಂಬ್‌ನೇಲ್ ಎಂದು ಕರೆಯುವ ಪುಟ್ಟ ಚಿತ್ರಗಳನ್ನು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಚೌಕಟ್ಟಿನಲ್ಲಿ, ಒಂದೊಂದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಬರೆಯಬೇಕು. ಚೌಕಟ್ಟಿನ ಆಕಾರವನ್ನು ಮಾತ್ರ ಮೊದಲೇ ನಿರ್ಧರಿಸಿ. 16ಕ್ಕೆ 9ರ ಪ್ರಮಾಣ ಕಂಪ್ಯೂಟರ್ ಮತ್ತು ಟಿವಿ ಪರದೆಗಳದ್ದು, 2.39ಕ್ಕೆ 1ರದ್ದು ಅಗಲವಾದ ಸಿನಿಮಾ ಪರದೆಯದು. ನಮ್ಮ ದೃಶ್ಯದಲ್ಲಿ ಏಣಿ ಲಂಬವಾಗಿ ನಿಂತಿರುವುದರಿಂದ ಅಗಲ ಪರದೆಯಲ್ಲಿ ಮೇಲಿನ ಹುಡುಗಿ, ಕೆಳಗಿನ ತಮ್ಮ ಇಬ್ಬರನ್ನೂ ಹಿಡಿಸಲು ಕ್ಯಾಮೆರಾ ಬಹಳ ಹಿಂದೆ ಸರಿಯಬೇಕಾಗುತ್ತದೆ, ಇಬ್ಬರೂ ಚಿಕ್ಕದಾಗಿ ಕಾಣುತ್ತಾರೆ. ಆ ದೂರವೇ ನಿಮಗೆ ಬೇಕಾದ ಭಾವವಾಗಿದ್ದರೆ ಸರಿ, ಇಲ್ಲದಿದ್ದರೆ 16ಕ್ಕೆ 9 ಅನುಕೂಲ.

ಪ್ರತಿ ಘಟ್ಟಕ್ಕೂ ಕನಿಷ್ಠ ಮೂರು ಬೇರೆ ಬೇರೆ ಚಿತ್ರಗಳನ್ನು ಬರೆಯಿರಿ. ಮೊದಲನೆಯದು ಎಲ್ಲೋ ನೋಡಿದ ನೆನಪಿನಿಂದ ಬಂದಿರುತ್ತದೆ, ಎರಡನೆಯದು ಅದರ ತಿರುವುಮುರುವು ಆಗಿರುತ್ತದೆ. ಮೂರನೆಯದಕ್ಕೆ ಬಂದಾಗಲೇ ದೃಶ್ಯದ ಕಡೆಗೆ ನಿಜವಾಗಿ ನೋಡಬೇಕಾಗುತ್ತದೆ. ಚಿತ್ರ ಬರೆಯಲು ಬಾರದೆಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೇ: ಕಡ್ಡಿಯಂಥ ಮನುಷ್ಯ, ಅವನು ನೋಡುತ್ತಿರುವ ದಿಕ್ಕಿಗೆ ಒಂದು ಮೂಗು, ನೆಲದ ಗೆರೆ ಇವು ಮೂರು ಇದ್ದರೆ ಶಾಟ್ ಓದಿಸಿಕೊಳ್ಳುತ್ತದೆ. ನೆಲದ ಗೆರೆ ಎಲ್ಲಿದೆ ಎಂಬುದರಿಂದ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯುವುದರಿಂದ ಅದನ್ನು ಬಿಡಬಾರದು.

ಅನಿಮ್ಯಾಟಿಕ್: ಕಾಲವನ್ನು ಅಳೆಯುವುದು

ಈಗ ಎಲ್ಲಕ್ಕಿಂತ ಮುಖ್ಯವಾದ, ಆದರೆ ಕಲಿಯುವವರು ಎಲ್ಲಕ್ಕಿಂತ ಬೇಗ ದಾಟಿಬಿಡುವ ಹಂತಕ್ಕೆ ಬಂದೆವು. ಸ್ಟೋರಿಬೋರ್ಡಿನ ಚಿತ್ರಗಳನ್ನು ಸದ್ದಿನೊಂದಿಗೆ ಟೈಮ್‌ಲೈನಿನ, ಅಂದರೆ ಸಂಕಲನ ತಂತ್ರಾಂಶದ ಕಾಲಪಟ್ಟಿಯ, ಮೇಲೆ ಜೋಡಿಸಿದರೆ ಅದು ಅನಿಮ್ಯಾಟಿಕ್. ಅದನ್ನು ಕಾಗದದ ಚಿತ್ರಗಳ ಫೋಟೋ ತೆಗೆದು ಯಾವ ವಿಡಿಯೋ ಸಂಕಲನ ತಂತ್ರಾಂಶದಲ್ಲಾದರೂ ಮಾಡಬಹುದು. ಸ್ಟೋರಿಬೋರ್ಡರ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಗ್ರೀಸ್ ಪೆನ್ಸಿಲ್ ಎಂಬ ಸಾಧನದಿಂದ ನೇರವಾಗಿ ಬರೆದು, ಅದೇ ತಂತ್ರಾಂಶದ ವಿಡಿಯೋ ಸೀಕ್ವೆನ್ಸರ್‌ನಲ್ಲಿ ಜೋಡಿಸಬಹುದು.

ಮೊದಲು ಸದ್ದು. ಮಾತು, ಉಸಿರು, ಏಣಿಯ ಕಿರಗುಟ್ಟುವಿಕೆ, ನಾಯಿಯ ಬೊಗಳು ಎಲ್ಲವನ್ನೂ ನಿಮ್ಮದೇ ದನಿಯಲ್ಲಿ, ಫೋನಿನಲ್ಲೇ ಮುದ್ರಿಸಿಕೊಳ್ಳಿ. ಈ ತಾತ್ಕಾಲಿಕ ಧ್ವನಿಪಟ್ಟಿಗೆ ಸ್ಕ್ರ್ಯಾಚ್ ಟ್ರ್ಯಾಕ್ ಎಂದು ಹೆಸರು. ಸಂಗೀತವನ್ನು ಮಾತ್ರ ಈ ಹಂತದಲ್ಲಿ ಸೇರಿಸಬೇಡಿ. ಒಳ್ಳೆಯ ಸಂಗೀತವು ಸೊರಗಿದ ಸಂಕಲನವನ್ನೂ ಹೊತ್ತುಕೊಂಡು ಹೋಗಿಬಿಡುತ್ತದೆ, ದೋಷ ಎಲ್ಲಿದೆಯೆಂದು ನಿಮಗೆ ಗೊತ್ತಾಗುವುದೇ ಇಲ್ಲ.

ಶಾಟ್‌ನ ಉದ್ದವನ್ನು ಊಹಿಸಬೇಡಿ, ನಟಿಸಿ ಅಳೆಯಿರಿ. ಎದ್ದುನಿಂತು, ಏಣಿ ಹಿಡಿದಂತೆ ಕೈ ಮುಂದೆ ಮಾಡಿ, ಸದ್ದು ಕೇಳಿ ತಲೆ ತಿರುಗಿಸಿ, ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ಪಕ್ಕದಲ್ಲಿ ಗಡಿಯಾರ ಓಡುತ್ತಿರಲಿ. ಮೇಜಿನ ಮುಂದೆ ಕುಳಿತು ಒಂದು ಸೆಕೆಂಡೆಂದು ಅಂದಾಜಿಸಿದ್ದು ನಟಿಸಿ ನೋಡಿದಾಗ ಎರಡೂವರೆ ಸೆಕೆಂಡು ಆಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬಂದ ಸಮಯವನ್ನು 24ರಿಂದ ಗುಣಿಸಿ ಫ್ರೇಮುಗಳಲ್ಲಿ ಬರೆದುಕೊಳ್ಳಿ. 45 ಸೆಕೆಂಡಿನ ದೃಶ್ಯಕ್ಕೆ 1080 ಫ್ರೇಮುಗಳ ಬಂಡವಾಳ ನಿಮ್ಮ ಕೈಯಲ್ಲಿದೆ. ಅದನ್ನು ಹನ್ನೊಂದೋ ಹನ್ನೆರಡೋ ಶಾಟ್‌ಗಳಿಗೆ ಹಂಚಬೇಕು, ಆದರೆ ಸಮವಾಗಿ ಹಂಚಬಾರದು. ಹುಡುಗಿ ಹತ್ತುವ, ತಮ್ಮ ಬೇಸರದಿಂದ ಕಾಲು ಬದಲಿಸುವ ಮೊದಲ ಭಾಗ ನಿಧಾನವಾಗಿ, ಉದ್ದದ ಶಾಟ್‌ಗಳಲ್ಲಿ ಸಾಗಲಿ. ಬೊಗಳು ಕೇಳಿದ ಮೇಲೆ 20, 16, 14 ಫ್ರೇಮುಗಳ ಚಿಕ್ಕ ಶಾಟ್‌ಗಳು ಬರಲಿ. ತಮ್ಮ ಓಡಿಹೋಗಿ ನಿಂತು ಹಿಂದಿರುಗಿ ನೋಡುವ ಶಾಟ್ ಮತ್ತೆ ಉದ್ದವಾಗಿರಬೇಕು, ಏಕೆಂದರೆ ಈ ದೃಶ್ಯ ಅವನದ್ದು ಎಂದು ನಾವು ಆರಂಭದಲ್ಲೇ ಬರೆದಿಟ್ಟಿದ್ದೇವೆ. ಅವನು ತೀರ್ಮಾನಿಸುವುದನ್ನು ಪ್ರೇಕ್ಷಕರು ಅವನ ಜೊತೆಗೇ ನಿಂತು ಕಾಯಬೇಕು. ಅಲ್ಲಿ ಮೂರು ಸೆಕೆಂಡು ಕೊಡುವುದೋ ನಾಲ್ಕು ಕೊಡುವುದೋ ಎಂಬುದನ್ನು ತಿಳಿಯಲು ಎರಡನ್ನೂ ಮಾಡಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ. ಅನಿಮ್ಯಾಟಿಕ್ ಇರುವುದೇ ಅದಕ್ಕಾಗಿ: ಇಲ್ಲಿ ಒಂದು ಸೆಕೆಂಡನ್ನು ಸೇರಿಸುವುದಕ್ಕೆ ಚಿತ್ರದ ಅಂಚನ್ನು ಎಳೆದರೆ ಸಾಕು.

ಒಂದು ಮುಖ್ಯವಾದ ಎಚ್ಚರಿಕೆ. ನಿಂತ ಚಿತ್ರ ಬೇಗ ಬೇಸರ ತರಿಸುತ್ತದೆ, ಆದ್ದರಿಂದ ಅನಿಮ್ಯಾಟಿಕ್‌ನಲ್ಲಿ ಶಾಟ್‌ಗಳನ್ನು ಅಗತ್ಯಕ್ಕಿಂತ ಮೊಟಕು ಮಾಡುವ ಚಪಲ ಎಲ್ಲರಿಗೂ ಬರುತ್ತದೆ. ಚಲನೆಯಿರುವ ಶಾಟ್‌ಗೆ ಒಂದೇ ಚಿತ್ರ ಬರೆದಿದ್ದರೆ ಅದನ್ನು ಮೂರು ಚಿತ್ರಗಳಾಗಿಸಿ: ಕ್ರಿಯೆಯ ಮೊದಲು, ನಡುವೆ, ನಂತರ. ಆಗ ಕಣ್ಣಿಗೆ ನಿಜವಾದ ಉದ್ದ ತಿಳಿಯುತ್ತದೆ.

ಅನಿಮ್ಯಾಟಿಕ್ ಸಮಾಧಾನ ಕೊಡುವವರೆಗೂ ಮೂರು ಆಯಾಮದ ಕಡೆಗೆ ಹೋಗಬೇಡಿ. ಮೂರು ನಾಲ್ಕು ಸಲವಾದರೂ ಅದನ್ನು ಬದಲಾಯಿಸದೆ ಮುಂದೆ ಹೋದವರು ಆಮೇಲೆ ಅದೇ ಬದಲಾವಣೆಗಳನ್ನು ಹತ್ತುಪಟ್ಟು ಕಷ್ಟದಲ್ಲಿ ಮಾಡಬೇಕಾಗುತ್ತದೆ.

ಪೆಟ್ಟಿಗೆಗಳಿಂದ ಒಂದು ಜಗತ್ತು

ಮೂರು ಆಯಾಮದ ಪ್ರೀವಿಸ್‌ಗೆ ಬ್ಲೆಂಡರ್ ಸಾಕು. ಅದು ಉಚಿತ, ಮುಕ್ತ ತಂತ್ರಾಂಶ, ಹಾಗೂ ಸಂಕಲನವೂ ಅದರೊಳಗೇ ಇದೆ. ಮಾಯಾದಂಥ ಬೇರೆ ತಂತ್ರಾಂಶ ನಿಮಗೆ ಬರುವುದಾದರೆ ಅದರಲ್ಲೇ ಮಾಡಿ, ಕ್ರಮ ಬದಲಾಗುವುದಿಲ್ಲ. ಎರಡು ಆಯಾಮದ ಚಿತ್ರ ಮಾಡುವವರೂ ಈ ಹಂತವನ್ನು ಪೂರ್ತಿ ಬಿಡಬೇಕಾಗಿಲ್ಲ; ಕ್ಯಾಮೆರಾ ಸುತ್ತುವ ಅಥವಾ ಎತ್ತರದಿಂದ ನೋಡುವ ಕಷ್ಟದ ಶಾಟ್‌ಗಳನ್ನು ಪೆಟ್ಟಿಗೆಗಳಲ್ಲಿ ಕಟ್ಟಿ, ಅದರ ಮೇಲೆ ರೇಖೆ ಎಳೆಯಬಹುದು.

ಎಲ್ಲಕ್ಕಿಂತ ಮೊದಲು ಅಳತೆ. ಬ್ಲೆಂಡರ್‌ನಲ್ಲಿ ಒಂದು ಮಾನ ಎಂದರೆ ಒಂದು ಮೀಟರ್. ಹುಡುಗಿ 1.2 ಮೀಟರ್, ತಮ್ಮ 90 ಸೆಂಟಿಮೀಟರ್, ಏಣಿ ಗೋಡೆಯನ್ನು ಮುಟ್ಟುವ ಎತ್ತರ 3 ಮೀಟರ್ ಎಂದು ಇಟ್ಟುಕೊಳ್ಳಿ. ಏಣಿಯನ್ನು ಭದ್ರವಾಗಿ ಆನಿಸಲು ಅದರ ಬುಡವನ್ನು ಎತ್ತರದ ನಾಲ್ಕನೆಯ ಒಂದರಷ್ಟು ದೂರದಲ್ಲಿ ಇಡಬೇಕೆಂಬುದು ಕೆಲಸಗಾರರ ನಿಯಮ. ಅಂದರೆ ಇಲ್ಲಿ ಗೋಡೆಯಿಂದ 75 ಸೆಂಟಿಮೀಟರ್. ಅದನ್ನು ಇನ್ನೂ ಒಳಗೆ ಸರಿಸಿ 40 ಸೆಂಟಿಮೀಟರಿಗೆ ತಂದರೆ ಏಣಿ ಕಡಿದಾಗಿ ನಿಲ್ಲುತ್ತದೆ, ಹಿಂದಕ್ಕೆ ಮಗುಚುವ ಅಪಾಯ ಕಣ್ಣಿಗೆ ಕಾಣುತ್ತದೆ, ತಮ್ಮ ಅದನ್ನು ಹಿಡಿದಿರಲೇಬೇಕಾದ ಕಾರಣವನ್ನು ಪ್ರೇಕ್ಷಕರಿಗೆ ಮಾತಿಲ್ಲದೆ ಹೇಳಿದಂತಾಗುತ್ತದೆ. ಸರಿಯಾದ ಅಳತೆಯಲ್ಲಿ ಕಟ್ಟಿದಾಗ ಇಂಥ ಸಂಗತಿಗಳು ತಾವಾಗಿ ಹೊಳೆಯುತ್ತವೆ. ಅಳತೆ ತಪ್ಪಿದರೆ ಲೆನ್ಸ್‌ಗಳ ಲೆಕ್ಕವೂ ತಪ್ಪುತ್ತದೆ, ಹತ್ತಲು ಬೇಕಾದ ಸಮಯವೂ ತಪ್ಪುತ್ತದೆ. ಕೊನೆಗೆ ನಿಜವಾದ ಸೆಟ್ ಬಂದು ಕೂತಾಗ ಒಂದು ಶಾಟೂ ಹೊಂದುವುದಿಲ್ಲ.

ಗೋಡೆಗೆ ಒಂದು ಪೆಟ್ಟಿಗೆ, ಸೂರಿಗೆ ಒಂದು ಹಲಗೆ, ಏಣಿಗೆ ಎರಡು ಕಂಬ ಮತ್ತು ಮೆಟ್ಟಿಲುಗಳು, ಇಷ್ಟೇ ಸೆಟ್. ಎಲ್ಲವೂ ಬೂದು ಬಣ್ಣದಲ್ಲಿರಲಿ. ಅಕ್ಕ ತಮ್ಮರಿಗೆ ಮಾತ್ರ ಎರಡು ಬೇರೆ ಬಣ್ಣ ಕೊಡಿ, ಚಿಕ್ಕದಾಗಿ ಕಂಡಾಗಲೂ ಯಾರು ಯಾರೆಂದು ತಿಳಿಯಲಿ. ಗಾಳಿಪಟಕ್ಕೆ ಮೂರನೆಯ ಬಣ್ಣ. ಕಿಟಕಿ, ಹೆಂಚು, ಗಿಡ ಇವುಗಳಿಗೆ ಮನಸ್ಸು ಎಳೆಯುತ್ತದೆ, ಬಿಡಿ. ಚೆಂದ ಮಾಡಿದ್ದನ್ನು ಕಿತ್ತುಹಾಕಲು ಕೈ ಬರುವುದಿಲ್ಲ, ಕಿತ್ತುಹಾಕಲು ಕೈ ಬಾರದಿದ್ದರೆ ಪ್ರೀವಿಸ್ ತನ್ನ ಕೆಲಸ ಮಾಡುವುದಿಲ್ಲ.

ಪಾತ್ರಗಳಿಗೆ ಸರಳ ಗೊಂಬೆ ರಿಗ್, ಅಂದರೆ ಕೈಕಾಲು ತಲೆಗಳನ್ನು ಬಾಗಿಸಬಹುದಾದ ಗೊಂಬೆ, ಸಾಕು. ಕೀಫ್ರೇಮುಗಳ, ಅಂದರೆ ನೀವು ಭಂಗಿಯನ್ನು ಗುರುತಿಸಿಟ್ಟ ಫ್ರೇಮುಗಳ, ನಡುವಿನ ಚಲನೆಯನ್ನು ಕಾನ್‌ಸ್ಟಂಟ್ ಎಂಬ ಆಯ್ಕೆಗೆ ಇಡಿ. ಆಗ ಗೊಂಬೆ ಒಂದು ಭಂಗಿಯಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುತ್ತದೆ, ನಡುವೆ ತೇಲುವುದಿಲ್ಲ. ಒಂದು ಶಾಟ್‌ಗೆ ಮೂರೋ ನಾಲ್ಕೋ ಭಂಗಿಗಳು ಸಾಕು. ತಮ್ಮನ ಶಾಟ್‌ನಲ್ಲಿ ಕೈ ಬಿಗಿಯಾಗಿರುವ ಭಂಗಿ, ತಲೆ ಮಾತ್ರ ತಿರುಗಿದ ಭಂಗಿ, ಒಂದು ಕೈ ಬಿಟ್ಟ ಭಂಗಿ, ಮೈಯೆಲ್ಲ ಹೊರಳಿದ ಭಂಗಿ. ಓಟ, ನಡಿಗೆಯಂಥ ಸ್ಥಾನಾಂತರವಿರುವಾಗ ಮಾತ್ರ ಗೊಂಬೆಯನ್ನು ನೆಲದ ಮೇಲೆ ಸರಾಗವಾಗಿ ಜಾರಿಸಬಹುದು, ಏಕೆಂದರೆ ಅಲ್ಲಿ ವೇಗವೇ ನಮಗೆ ಬೇಕಾದ ಮಾಹಿತಿ.

ಕ್ಯಾಮೆರಾ

ಕ್ಯಾಮೆರಾವನ್ನು ಮೂರು ಪ್ರಶ್ನೆಗಳಿಂದ ಇಡಬೇಕು, ಮತ್ತು ಈ ಅನುಕ್ರಮದಲ್ಲೇ ಇಡಬೇಕು: ಎಷ್ಟು ದೂರ, ಎಷ್ಟು ಎತ್ತರ, ಯಾವ ಲೆನ್ಸ್. ಕಲಿಯುವವರು ಇದನ್ನು ತಲೆಕೆಳಗು ಮಾಡಿ, ಮೊದಲು ಎಲ್ಲೋ ಒಂದೆಡೆ ಕ್ಯಾಮೆರಾ ನಿಲ್ಲಿಸಿ, ಆಮೇಲೆ ಜೂಮ್ ಮಾಡಿ ಚೌಕಟ್ಟನ್ನು ತುಂಬಿಸುತ್ತಾರೆ. ಆದರೆ ವಸ್ತುಗಳು ಒಂದಕ್ಕೊಂದು ಎಷ್ಟು ಹತ್ತಿರ ಅಥವಾ ದೂರವಾಗಿ ತೋರುತ್ತವೆ ಎಂಬುದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ. ಲೆನ್ಸ್ ಆ ನೋಟದಲ್ಲಿ ಎಷ್ಟನ್ನು ಕತ್ತರಿಸಿ ಕೊಡಬೇಕೆಂಬುದನ್ನು ಮಾತ್ರ ಹೇಳುತ್ತದೆ.

ಇದನ್ನು ಒಮ್ಮೆ ಮಾಡಿ ನೋಡಿದರೆ ಮರೆಯುವುದಿಲ್ಲ. ಬ್ಲೆಂಡರ್‌ನ ಕ್ಯಾಮೆರಾಕ್ಕೆ ಮೊದಲಿನಿಂದಲೇ 36 ಮಿಲಿಮೀಟರ್ ಅಗಲದ ಸೆನ್ಸರ್ ಮತ್ತು 50 ಮಿಲಿಮೀಟರ್ ಲೆನ್ಸ್ ಇರುತ್ತದೆ. 16ಕ್ಕೆ 9ರ ಚೌಕಟ್ಟಿನಲ್ಲಿ 1.2 ಮೀಟರ್ ಎತ್ತರದ ಹುಡುಗಿಯನ್ನು ತಲೆಯಿಂದ ಪಾದದವರೆಗೆ ತುಂಬಿಸಲು ಈ ಲೆನ್ಸ್‌ಗೆ ಸುಮಾರು 3 ಮೀಟರ್ ದೂರ ಬೇಕು. ಅದೇ ಹುಡುಗಿಯನ್ನು ಅಷ್ಟೇ ದೊಡ್ಡದಾಗಿ ತೋರಿಸಲು 24 ಮಿಲಿಮೀಟರ್ ಲೆನ್ಸ್ ಇದ್ದರೆ 1.4 ಮೀಟರಿಗೆ ಬರಬೇಕು, 85 ಮಿಲಿಮೀಟರ್ ಇದ್ದರೆ 5 ಮೀಟರಿಗೆ ಹಿಂದೆ ಸರಿಯಬೇಕು. ಮೂರರಲ್ಲೂ ಹುಡುಗಿಯ ಗಾತ್ರ ಒಂದೇ. ಆದರೆ 24ರಲ್ಲಿ ಅವಳ ಹಿಂದಿನ ನೆಲ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ, 85ರಲ್ಲಿ ನೆಲ ಮೇಲೆದ್ದು ಅವಳ ಬೆನ್ನಿಗೆ ಅಂಟಿಕೊಂಡಂತೆ ಕಾಣುತ್ತದೆ. ಏಣಿ ಅಲುಗಿದಾಗ ಸೂರಿನ ಕಡೆಯಿಂದ ಕೆಳಗೆ ನೋಡುವ ಶಾಟ್‌ಗೆ 24 ಸೂಕ್ತ. ಓಡಿಹೋದ ತಮ್ಮ ಹಿಂದಿರುಗಿ ನೋಡುವಾಗ ಅವನ ಹೆಗಲ ಮೇಲಿಂದ ದೂರದ ಅಕ್ಕನನ್ನು ಕಾಣಿಸಬೇಕಾದರೆ 85. ಆಗ ಅವಳು ಅವನ ಮನಸ್ಸಿಗೆ ಎಷ್ಟು ಹತ್ತಿರವೋ ಅಷ್ಟೇ ಹತ್ತಿರವಾಗಿ ಪರದೆಯ ಮೇಲೂ ಕಾಣುತ್ತಾಳೆ. ಒಂದು ದೃಶ್ಯಕ್ಕೆ ಮೂರು ಲೆನ್ಸ್‌ಗಳಿಗಿಂತ ಹೆಚ್ಚು ಬಳಸಬೇಡಿ, ಮತ್ತು 37.4 ಎಂಬಂಥ ಬಿಡಿ ಅಂಕಿಗಳನ್ನು ಇಡಬೇಡಿ. ಆಯ್ಕೆಗಳು ಕಡಿಮೆಯಾದಷ್ಟೂ ಕ್ಯಾಮೆರಾದ ಜಾಗದ ಬಗ್ಗೆ ಯೋಚನೆ ಹೆಚ್ಚುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಒರೆಗಲ್ಲು ಮತ್ತೆ ನೆರವಾಗುತ್ತದೆ. ಇದು ತಮ್ಮನ ದೃಶ್ಯವಾದ್ದರಿಂದ ಕ್ಯಾಮೆರಾ ಬಹುಪಾಲು ಅವನ ಕಣ್ಣಿನ ಮಟ್ಟದಲ್ಲಿ, ಅಂದರೆ ನೆಲದಿಂದ 80 ಸೆಂಟಿಮೀಟರ್ ಆಸುಪಾಸಿನಲ್ಲಿರಲಿ. ಆಗ ಅಕ್ಕ ಯಾವಾಗಲೂ ಮೇಲೆ, ತಲೆಯೆತ್ತಿ ನೋಡಬೇಕಾದಷ್ಟು ದೂರದಲ್ಲಿರುತ್ತಾಳೆ. ಏಣಿ ಅಲುಗುವ ಒಂದೇ ಕ್ಷಣದಲ್ಲಿ ಕ್ಯಾಮೆರಾ ಮೇಲಕ್ಕೆ ಹೋದರೆ ಆ ಬದಲಾವಣೆ ಎದೆಗೆ ತಟ್ಟುತ್ತದೆ. ಅದಕ್ಕೆ ಮೊದಲೇ ನಾಲ್ಕು ಸಲ ಮೇಲೆ ಹೋಗಿಬಂದಿದ್ದರೆ ತಟ್ಟುವುದಿಲ್ಲ.

180 ಡಿಗ್ರಿಯ ನಿಯಮ ಎಲ್ಲ ಪುಸ್ತಕಗಳಲ್ಲೂ ಇದೆ: ಎರಡು ಪಾತ್ರಗಳ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾಗಳಿರಬೇಕು, ಇಲ್ಲದಿದ್ದರೆ ಎಡ ಬಲ ಅದಲುಬದಲಾಗಿ ಪ್ರೇಕ್ಷಕರು ದಿಕ್ಕು ತಪ್ಪುತ್ತಾರೆ. ನಮ್ಮ ದೃಶ್ಯದಲ್ಲಿ ಈ ಗೆರೆ ನೆಲದ ಮೇಲೆ ಮಲಗಿಲ್ಲ, ಏಣಿಯಗುಂಟ ಮೇಲಕ್ಕೆ ಹತ್ತುತ್ತದೆ. ಆದ್ದರಿಂದ ಇಲ್ಲಿ ಕಾಯ್ದುಕೊಳ್ಳಬೇಕಾದದ್ದು ಏಣಿ ಯಾವ ಕಡೆಗೆ ವಾಲಿದೆ ಎಂಬುದನ್ನು. ಗೋಡೆಯ ಒಂದು ತುದಿಯಿಂದ ನೋಡಿದರೆ ಏಣಿ ಬಲಕ್ಕೆ ವಾಲಿರುತ್ತದೆ, ಇನ್ನೊಂದು ತುದಿಯಿಂದ ನೋಡಿದರೆ ಎಡಕ್ಕೆ. ಮೊದಲ ಶಾಟ್‌ನಲ್ಲಿ ಬಲಕ್ಕೆ ವಾಲಿದ್ದರೆ ಕೊನೆಯವರೆಗೂ ಬಲಕ್ಕೇ ವಾಲಿರಲಿ. ಹಾಗೆಯೇ ತಮ್ಮ ಚೌಕಟ್ಟಿನ ಎಡ ಅಂಚಿನಿಂದ ಹೊರಗೆ ಓಡಿದರೆ ಮುಂದಿನ ಶಾಟ್‌ನೊಳಗೆ ಬಲ ಅಂಚಿನಿಂದ ಬರಬೇಕು. ಒಂದೇ ಪಾತ್ರದ ಮೇಲಿನ ಎರಡು ಶಾಟ್‌ಗಳನ್ನು ಒಂದರ ಪಕ್ಕ ಒಂದು ಇಡುವಾಗ ಕೋನದಲ್ಲಿ ಕನಿಷ್ಠ 30 ಡಿಗ್ರಿಯಾದರೂ ವ್ಯತ್ಯಾಸವಿಡಿ, ಇಲ್ಲದಿದ್ದರೆ ಚಿತ್ರ ಜಿಗಿದಂತೆ ಕಾಣುತ್ತದೆ.

ಮೊದಲ ಸಲ ಎಲ್ಲ ಶಾಟ್‌ಗಳನ್ನೂ ನಿಂತ ಕ್ಯಾಮೆರಾದಲ್ಲೇ ಕಟ್ಟಿ. ಕಂಪ್ಯೂಟರಿನಲ್ಲಿ ಕ್ಯಾಮೆರಾಕ್ಕೆ ಭಾರವಿಲ್ಲ, ಅದು ಗೋಡೆಯನ್ನು ತೂರಿ ಹಕ್ಕಿಯಂತೆ ಹಾರಬಲ್ಲದು; ಈ ಸ್ವಾತಂತ್ರ್ಯವೇ ಹಲವು ಪ್ರೀವಿಸ್‌ಗಳನ್ನು ಕೆಡಿಸುತ್ತದೆ. ಎರಡನೆಯ ಸುತ್ತಿನಲ್ಲಿ, ಚಲನೆ ಇಲ್ಲದೆ ಅರ್ಥ ಪೂರ್ಣವಾಗದ ಶಾಟ್‌ಗಳಿಗೆ ಮಾತ್ರ ಚಲನೆ ಕೊಡಿ, ಮತ್ತು ಆ ಚಲನೆಗೆ ನೆಲೆಯಾದ ಆರಂಭವೂ ನೆಲೆಯಾದ ಕೊನೆಯೂ ಇರಲಿ.

ಪ್ರತಿ ಶಾಟ್‌ಗೂ ಪ್ರತ್ಯೇಕ ಕ್ಯಾಮೆರಾ ಇಟ್ಟು, ಟೈಮ್‌ಲೈನಿನಲ್ಲಿ ಶಾಟ್ ಆರಂಭವಾಗುವ ಫ್ರೇಮಿಗೆ ಹೋಗಿ ಎಂ ಕೀಲಿಯಿಂದ ಮಾರ್ಕರ್ ಹಾಕಿ, ಕ್ಯಾಮೆರಾವನ್ನು ಆರಿಸಿಕೊಂಡು ಕಂಟ್ರೋಲ್ ಮತ್ತು ಬಿ ಕೀಲಿಗಳಿಂದ ಆ ಮಾರ್ಕರ್‌ಗೆ ಕಟ್ಟಿಬಿಟ್ಟರೆ, ದೃಶ್ಯವನ್ನು ಓಡಿಸಿದಾಗ ಬ್ಲೆಂಡರ್ ತಾನಾಗಿಯೇ ಕ್ಯಾಮೆರಾ ಬದಲಿಸುತ್ತದೆ. ಮಾರ್ಕರನ್ನು ನಾಲ್ಕು ಫ್ರೇಮು ಹಿಂದೆ ಮುಂದೆ ಸರಿಸುವುದೇ ಇಲ್ಲಿ ಸಂಕಲನ. ಸ್ಕ್ರ್ಯಾಚ್ ಟ್ರ್ಯಾಕನ್ನು ಇದೇ ಕಡತಕ್ಕೆ ತಂದು, ಪ್ಲೇಬ್ಯಾಕ್ ಆಯ್ಕೆಯಲ್ಲಿ ಸಿಂಕ್ ಟು ಆಡಿಯೋ ಎಂದು ಆರಿಸಿಕೊಳ್ಳದಿದ್ದರೆ ಚಿತ್ರ ನಿಧಾನವಾಗಿ ಓಡಿ ಕಾಲದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ನೋಡಲು ಪೂರ್ಣ ರೆಂಡರ್ ಬೇಡ. ಕೆಲಸ ಮಾಡುವಾಗ ಪರದೆಯಲ್ಲಿ ಕಾಣುವ ನೋಟವನ್ನೇ ಹೊರತೆಗೆಯುವ ವ್ಯೂಪೋರ್ಟ್ ರೆಂಡರ್‌ನಲ್ಲಿ ಇಡೀ ದೃಶ್ಯ ಬಹಳ ಬೇಗ ಹೊರಬರುತ್ತದೆ.

ತೋರಿಸುವುದು, ತಿದ್ದುವುದು

ಹೊರಬಂದ ವಿಡಿಯೋವನ್ನು ಮೊದಲು ಸದ್ದಿಲ್ಲದೆ ನೋಡಿ. ನಾಯಿಯ ಬೊಗಳು ಕೇಳದಿದ್ದರೂ ತಮ್ಮ ಯಾವುದಕ್ಕೋ ಬೆದರಿದನೆಂಬುದು ತಿಳಿಯಬೇಕು. ಆಮೇಲೆ ಅದನ್ನು ಅಂಗೈಯಗಲಕ್ಕೆ ಕುಗ್ಗಿಸಿ ನೋಡಿ. ಆ ಗಾತ್ರದಲ್ಲಿ ಓದಿಸಿಕೊಳ್ಳದ ಭಂಗಿ ದೊಡ್ಡ ಪರದೆಯಲ್ಲೂ ತಡವಾಗಿ ಓದಿಸಿಕೊಳ್ಳುತ್ತದೆ. ನಂತರ ದೃಶ್ಯದ ಬಗ್ಗೆ ಏನೂ ತಿಳಿಯದ ಒಬ್ಬರಿಗೆ ಒಂದೇ ಸಲ ತೋರಿಸಿ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಏನಾಯಿತೆಂದು ಹೇಳಿ ಎಂದು ಕೇಳಿ, ಬಾಯಿಮುಚ್ಚಿ ಕೂರಿ. ಅವರು ಹುಡುಗ ತಮಾಷೆಗೆ ಏಣಿ ಬಿಟ್ಟು ಓಡಿದ ಎಂದರೆ, ಸದ್ದು ಕೇಳಿದ ಕ್ಷಣಕ್ಕೂ ಕೈ ಬಿಟ್ಟ ಕ್ಷಣಕ್ಕೂ ನಡುವೆ ಅವನ ಮುಖವನ್ನು ನೀವು ಸಾಕಷ್ಟು ಹೊತ್ತು ತೋರಿಸಿಲ್ಲ ಎಂದರ್ಥ. ವಿವರಿಸಿ ಅವರನ್ನು ಒಪ್ಪಿಸಲು ಹೋಗಬೇಡಿ, ಟೈಮ್‌ಲೈನಿಗೆ ಹಿಂದಿರುಗಿ. ಯಾವ ಶಾಟನ್ನು ತೆಗೆದರೂ ಕಥೆ ಹಾಗೇ ಉಳಿಯುತ್ತದೆಯೋ ಅದನ್ನು ತೆಗೆದುಬಿಡಿ, ನಿಮಗೆ ಅದು ಎಷ್ಟೇ ಪ್ರಿಯವಾಗಿರಲಿ.

ಪ್ರತಿ ಆವೃತ್ತಿಯನ್ನೂ ಬೇರೆ ಸಂಖ್ಯೆಯಲ್ಲಿ ಉಳಿಸಿಕೊಳ್ಳಿ. ಐದನೆಯ ಆವೃತ್ತಿಯಲ್ಲಿ ಕಳೆದುಹೋದ ಜೀವಂತಿಕೆ ಎರಡನೆಯದರಲ್ಲಿ ಇತ್ತೆಂದು ಹೊಳೆಯುವುದು ಅಪರೂಪವೇನಲ್ಲ.

ಮುಂದಿನವರಿಗೆ ಒಪ್ಪಿಸುವುದು

ಪ್ರೀವಿಸ್ ಮುಗಿದ ಮೇಲೆ ಅದು ಲೇಔಟ್ (ನಿಜವಾದ ಸೆಟ್ಟಿನಲ್ಲಿ ಪಾತ್ರಗಳನ್ನೂ ಕ್ಯಾಮೆರಾವನ್ನೂ ನೆಲೆಗೊಳಿಸುವುದು) ಮತ್ತು ಅನಿಮೇಷನ್ ಹಂತಗಳಿಗೆ ಹೋಗುತ್ತದೆ. ಒಬ್ಬರೇ ಎಲ್ಲವನ್ನೂ ಮಾಡುವವರಾದರೂ ಮೂರು ತಿಂಗಳ ನಂತರದ ನೀವೇ ಆ ಮುಂದಿನವರು. ಶಾಟ್‌ಗಳಿಗೆ ಹತ್ತರ ಅಂತರದಲ್ಲಿ 0010, 0020, 0030 ಎಂದು ಸಂಖ್ಯೆ ಕೊಡಿ. ನಡುವೆ ಹೊಸ ಶಾಟ್ ಬಂದರೆ 0025 ಎಂದು ಸೇರಿಸಬಹುದು, ಉಳಿದವುಗಳ ಸಂಖ್ಯೆ ಕೆಡುವುದಿಲ್ಲ. ವಿಡಿಯೋದ ಮೂಲೆಯಲ್ಲಿ ಶಾಟ್ ಸಂಖ್ಯೆ, ಫ್ರೇಮ್ ಸಂಖ್ಯೆ, ಲೆನ್ಸ್ ಅಚ್ಚಾಗಿರಲಿ. ಬ್ಲೆಂಡರ್‌ನ ಮೆಟಾಡೇಟಾ ವಿಭಾಗದಲ್ಲಿ ಬರ್ನ್ ಇಂಟು ಇಮೇಜ್ ಎಂಬ ಆಯ್ಕೆ ಇದನ್ನು ಮಾಡುತ್ತದೆ. ಪ್ರತಿ ಶಾಟ್‌ನ ಎರಡೂ ತುದಿಗಳಲ್ಲಿ ಎಂಟು ಫ್ರೇಮುಗಳಷ್ಟು ಹೆಚ್ಚುವರಿ ಚಲನೆಯನ್ನು ಉಳಿಸಿಟ್ಟರೆ ಸಂಕಲನಕಾರರಿಗೆ ಕತ್ತರಿಸುವ ಜಾಗವನ್ನು ಸ್ವಲ್ಪ ಸರಿಸಲು ಅನುಕೂಲವಾಗುತ್ತದೆ. ಬೇರೆ ತಂತ್ರಾಂಶಕ್ಕೆ ಹೋಗುವುದಾದರೆ ಕ್ಯಾಮೆರಾಗಳನ್ನು ಅಲೆಂಬಿಕ್ ಅಥವಾ ಎಫ್‌ಬಿಎಕ್ಸ್ ಕಡತಗಳಾಗಿ ಕಳಿಸಿ, ಆ ಕಡೆ ತೆರೆದು ಮೊದಲ ಮತ್ತು ಕೊನೆಯ ಫ್ರೇಮುಗಳನ್ನು ನಿಮ್ಮ ವಿಡಿಯೋದ ಜೊತೆ ಹೋಲಿಸಿ ನೋಡಿ. ಸೆಕೆಂಡಿಗೆ ಇಷ್ಟು ಫ್ರೇಮು ಎಂಬ ಸಂಖ್ಯೆ ಎರಡೂ ಕಡೆ ಒಂದೇ ಆಗಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇದೆಲ್ಲ ಒಮ್ಮೆ ಮುಗಿದ ಮೇಲೆ ಮಾಡಬೇಕಾದ ಒಂದು ಅಭ್ಯಾಸವನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ, ಅದು ಮುಗಿದ ಚಿತ್ರವನ್ನು ಹಿಂದಕ್ಕೆ ಬಿಚ್ಚುವುದು. ಬ್ಲೆಂಡರ್ ಪ್ರತಿಷ್ಠಾನದ ಮುಕ್ತ ಚಿತ್ರಗಳಾದ 2008ರ ಬಿಗ್ ಬಕ್ ಬನ್ನಿ, 2010ರ ಸಿಂಟೆಲ್ ಇಂಥವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆಯಾಗಿರುವುದರಿಂದ, ಅವುಗಳನ್ನು ಇಳಿಸಿಕೊಂಡು ಬಿಚ್ಚಿ ನೋಡಲು ಅಡ್ಡಿಯಿಲ್ಲ. ಒಂದು ನಿಮಿಷದ ದೃಶ್ಯವನ್ನು ಆರಿಸಿ, ಪ್ರತಿ ಶಾಟ್ ಎಷ್ಟು ಫ್ರೇಮು, ಕ್ಯಾಮೆರಾ ಯಾರ ಕಣ್ಣಿನ ಮಟ್ಟದಲ್ಲಿದೆ, ಕತ್ತರಿಸಿದ್ದು ಕ್ರಿಯೆಯ ಮೊದಲೋ, ನಡುವೆಯೋ, ನಂತರವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಅದೇ ದೃಶ್ಯವನ್ನು ಬೂದು ಪೆಟ್ಟಿಗೆಗಳಲ್ಲಿ ಮರಳಿ ಕಟ್ಟಿ, ಮೂಲದ ಧ್ವನಿಯನ್ನೇ ಇಟ್ಟು ಎರಡನ್ನೂ ಅಕ್ಕಪಕ್ಕ ಓಡಿಸಿ. ನಿಮ್ಮ ಪೆಟ್ಟಿಗೆಗಳ ಆವೃತ್ತಿ ಸಪ್ಪೆಯಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿ, ಹಾಳೆಯಲ್ಲಿ ಆ ಶಾಟ್‌ನ ಉದ್ದವನ್ನೂ ಕ್ಯಾಮೆರಾದ ಎತ್ತರವನ್ನೂ ಮತ್ತೊಮ್ಮೆ ಪರೀಕ್ಷಿಸಿ. ಬಹಳ ಸಲ ವ್ಯತ್ಯಾಸ ಆರೆಂಟು ಫ್ರೇಮುಗಳಲ್ಲಿ ಅಥವಾ ಒಂದು ಗೇಣು ಎತ್ತರದಲ್ಲಿ ಸಿಗುತ್ತದೆ. ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಏಣಿಯ ದೃಶ್ಯದ ಕಡತವನ್ನು ಮತ್ತೆ ತೆರೆಯಿರಿ, ತಮ್ಮ ನಿಂತು ಹಿಂದಿರುಗಿ ನೋಡುವ ಶಾಟ್‌ನಿಂದಲೇ ತಿದ್ದಲು ಆರಂಭಿಸಿ.